ಭಾನುವಾರ ನೀರು ಇಳಿಯುವುದಿಲ್ಲ

ಬೋರ್ಡನ್ನು ದರ್ಜಿ ಓದಿದ್ದ. ಒಂದಲ್ಲ, ಎರಡು ಸಲ ಓದಿದ್ದ.

ದೋಣಿಕಟ್ಟೆಯ ಪುಟ್ಟ ಕೋಣೆಯ ಹೊರಗೋಡೆಗೆ ಒಂದು ಕಪ್ಪು ಹಲಗೆ ನೇತುಹಾಕಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಬರೆದಿತ್ತು: 'ಇಂದು ಭಾನುವಾರ ಬೆಳಿಗ್ಗೆ ಹತ್ತರಿಂದ ನೀರು ಬಿಡಲಾಗುವುದು. ಮೂಲೆಗಳಿಗೆ ದೋಣಿ ಒಯ್ಯಬೇಡಿ.' ಬೂಟಿನ ಲೇಸು ಕಟ್ಟಿಕೊಳ್ಳುತ್ತ ಅವನು ಅದನ್ನು ನೋಡಿದ. ಮುಂದೆ ಮಾವ ಎರಡೂ ಗಾಳದ ಕೋಲುಗಳನ್ನು ಹೆಗಲಿಗಿಟ್ಟುಕೊಂಡು, ಎಡಬಲ ನೋಡದೆ ಮೆಟ್ಟಿಲು ಇಳಿಯುತ್ತಿದ್ದರು. 'ಮಾವ, ಬೋರ್ಡು' ಎಂಬ ಎರಡು ಮಾತು ಇವನ ಗಂಟಲವರೆಗೆ ಬಂದವು, ಅಲ್ಲೇ ಕಾಲು ಚಾಚಿಕೊಂಡು ಕೂತವು.

ನೀರಿನ ವಿಷಯದಲ್ಲಿ ಮಾವನಿಗೆ ಹೇಳುವ ಗಂಡಸು ಆ ಬೆಟ್ಟದಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೂವತ್ತೊಂದು ವರ್ಷ ಅಣೆಕಟ್ಟಿನ ಗೇಟು ಎತ್ತಿ ಇಳಿಸಿದವರು ಅವರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಜಲಾಶಯದ ಮಟ್ಟ ಅಂಗುಲ ಅಂಗುಲವಾಗಿ ಅವರ ತಲೆಯಲ್ಲೇ ಏರಿ ಇಳಿಯುತ್ತಿತ್ತು. ಭಾನುವಾರ ಕಾರ್ಖಾನೆಗಳಿಗೆ ರಜೆ, ಕರೆಂಟು ಬೇಡ, ಹಾಗಾಗಿ ಭಾನುವಾರ ನೀರು ಇಳಿಯುವುದಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವಷ್ಟೇ ನಿರಾಳವಾಗಿ ಅವರು ಇದನ್ನು ಹೇಳುತ್ತಿದ್ದರು.

ಇನ್ನು ಅಳಿಯನ ಕಥೆ. ಆರು ವರ್ಷದ ಹಿಂದೆ, ಆಗಿನ್ನೂ ಮದುವೆ ಮಾತು ಎತ್ತಿರಲಿಲ್ಲ, ಹುಡುಗಿಯ ಮನೆಗೆ ಮೊದಲ ಸಲ ಹೋದಾಗ ಮಾವ ಅವನ ಸಂಪಾದನೆ ಕೇಳಲಿಲ್ಲ, ಅಂಗಡಿ ಎಲ್ಲಿ ಅಂತ ಕೇಳಲಿಲ್ಲ. ಕೇಳಿದ್ದು ಒಂದೇ: "ಗಾಳ ಹಾಕ್ತೀರಾ?" ಮೀನನ್ನು ತಟ್ಟೆಯ ಮೇಲಲ್ಲದೆ ಬೇರೆಲ್ಲೂ ಕಂಡಿರದ ದರ್ಜಿ ಹಿಂದೆಮುಂದೆ ನೋಡದೆ, "ಅಯ್ಯೋ, ಪ್ರಾಣ" ಅಂದುಬಿಟ್ಟ. ಬಾಗಿಲ ಬಳಿ ನಿಂತಿದ್ದ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಆ ಒಂದು ಪದ ಕೊಕ್ಕೆಯ ಹಾಗೆ ಅವನಿಗೇ ಸಿಕ್ಕಿಕೊಂಡಿತು. ಮರುವಾರದಿಂದಲೇ ಪ್ರತಿ ಭಾನುವಾರ ಬೆಳಗಿನ ಜಾವ ಐದಕ್ಕೆ ಬಾಗಿಲು ಬಡಿಯುವ ಶಬ್ದ, "ಅಳಿಯಂದ್ರೇ, ಗಾಳಿ ಚೆನ್ನಾಗಿದೆ" ಎಂಬ ಕೂಗು. ಮದುವೆಗೆ ಮೊದಲೇ ಅವನು ಅಳಿಯನಾಗಿದ್ದ.

ಗಾಳ ಹಾಕುವವರ ಸಂಘದ ನಿಯಮವೋ, ನಗಬೇಕೋ ಅಳಬೇಕೋ ತಿಳಿಯದಂಥದ್ದು. ಹಿಡಿದ ಮೀನನ್ನು ಮನೆಗೆ ಒಯ್ಯುವ ಹಾಗಿಲ್ಲ. ಉದ್ದ ಅಳೆದು, ಮರಳಿ ನೀರಿಗೆ ಬಿಡಬೇಕು. ಮೀನಿಗೆ ಬಿಡುಗಡೆಯಿತ್ತು. ದರ್ಜಿಗೆ ಮಾತ್ರ ಇರಲಿಲ್ಲ.

ಸಂಘದಲ್ಲಿ ಇದ್ದದ್ದು ನಲವತ್ತೇ ದೋಣಿ, ನಲವತ್ತೇ ನಂಬರು. ನಂಬರು ಮನೆಯೊಳಗೇ ಕೈಯಿಂದ ಕೈಗೆ ಹೋಗಬೇಕು, ಇಲ್ಲವಾದರೆ ಕಾಯುತ್ತಿರುವವರ ಪಾಲು. ನಂಬರು ಪಡೆದವನು ವರ್ಷಕ್ಕೆ ನಲವತ್ತು ಭಾನುವಾರ ಖುದ್ದಾಗಿ ದೋಣಿಯಲ್ಲಿ ಕೂತು ಮುದ್ರೆ ಹಾಕಿಸಿಕೊಳ್ಳಬೇಕು. ಈಚೆಗೆ ಮಾವನ ಕೈ ನಡುಗುತ್ತಿತ್ತು. ಮುಂದಿನ ತಿಂಗಳಿಂದ ದೋಣಿಯ ಹುಟ್ಟು ಮುಟ್ಟಬೇಡಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ನಂಬರು ವರ್ಗಾಯಿಸಲು ಇವತ್ತೇ ಕೊನೆಯ ದಿನ, ಆಫೀಸು ಮುಚ್ಚುವುದು ಸಂಜೆ ಐದಕ್ಕೆ. ತುಂಬಿದ ಅರ್ಜಿ ಮಾವನ ಜೇಬಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಮಡಚಿಕೊಂಡು ಮಲಗಿತ್ತು. ಸಂಬಂಧ ಎಂದಿದ್ದ ಜಾಗದಲ್ಲಿ ದಪ್ಪಕ್ಷರದಲ್ಲಿ 'ಅಳಿಯ'. ಅವನ ಸಹಿಯೊಂದು ಬಾಕಿ.

ಐದರೊಳಗೆ ಬೇಡ ಅಂತ ಹೇಳಬೇಕು. ಹೇಳದಿದ್ದರೆ ಮುಗಿಯಿತು, ಕೂದಲು ಹಣ್ಣಾಗುವವರೆಗೂ ಭಾನುವಾರಗಳೆಲ್ಲ ಈ ದೋಣಿಗೆ. ಅಂಗಡಿಯಲ್ಲಿ ಅವನು ತನಗೇ ಅಂತ ಕತ್ತರಿಸಿದ್ದ ಒಂದು ಕೋಟು ಆರು ವರ್ಷದಿಂದ ತೋಳಿಲ್ಲದೆ ನೇತಾಡುತ್ತಿತ್ತು. ವಾರವೆಲ್ಲ ಊರವರ ಬಟ್ಟೆ. ತನ್ನದಕ್ಕೆ ಒಂದು ಭಾನುವಾರ ಸಿಕ್ಕರೆ ಸಾಕಿತ್ತು.

ಹಿಂದಿನ ಸಂಜೆ ಹೆಂಡತಿಗೆ ಇದನ್ನೇ ಹೇಳಿದ್ದ. ಅವಳು ಎಂದಿನಂತೆ ಅಡುಗೆಮನೆಯ ನೆಲದ ಮೇಲೆ ಹಳೆ ಪೇಪರು ಹರಡಿಕೊಂಡು ಕೊಕ್ಕೆಗಳಿಗೆ ದಾರ ಕಟ್ಟುತ್ತಿದ್ದಳು. ಮೊದಲಿಂದಲೂ ಅದು ಅವಳದೇ ಕೆಲಸ. ನಾಳೆ ಮೋಡ ಇರುತ್ತೆ, ಆಳ ಕಮ್ಮಿ ಮಾಡಿ, ಅಪ್ಪ ಕೇಳಿದರೆ ನಿಮ್ಮದೇ ಯೋಚನೆ ಅನ್ನಿ ಎಂದು ಪಾಠ ಒಪ್ಪಿಸುವವಳೂ ಅವಳೇ. ಭಾನುವಾರ ಅವನು ಮರಳಿ ಬೂಟು ಬಿಚ್ಚುವ ಮೊದಲೇ ಪ್ರಶ್ನೆಗಳ ಸುರಿಮಳೆ: ಎಲ್ಲಿ ಕಚ್ಚಿತು, ಎಷ್ಟು ಹೊತ್ತು ಎಳೆಯಿತು, ಯಾವ ಕಡೆ ಓಡಿತು. ಅವನು ಹೂಂ ಹೂಂ ಅಂದು ಮಲಗಿಬಿಡುತ್ತಿದ್ದ. ಆ ಸಂಜೆ, "ನಾಳೆ ಹೇಳಿಬಿಡ್ತೀನಿ, ನನ್ನ ಕೈಲಾಗಲ್ಲ" ಅಂದಾಗ ಅವಳ ಬೆರಳು ಗಂಟಿನ ನಡುವೆ ಒಂದು ಗಳಿಗೆ ನಿಂತಿತು. "ಹೇಳಿ" ಅಂದಳು ಅಷ್ಟೆ. ಗಂಟು ಬಿಗಿದು, ಮಿಕ್ಕ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ಕೋಪ ಬಂದಿರಬೇಕು ಅಂದುಕೊಂಡ.

ಮಾವ ದೋಣಿಯನ್ನು ನೇರ ಮೂಲೆಗೇ ಬಿಡಿಸಿದರು. ಎರಡು ಗುಡ್ಡಗಳ ಸಂದಿಯಲ್ಲಿ ಚೀಲದ ಹಾಗೆ ಒಳಗೆ ಹೋಗಿದ್ದ ನೀರು, ಬಾಯಲ್ಲೊಂದು ಮುಳುಗಿದ ದಿಬ್ಬ. ಅದರ ಮೇಲೆ ದೋಣಿ ದಾಟುವಷ್ಟೇ ಆಳ. ಹತ್ತಕ್ಕೆ ದೂರದಲ್ಲಿ ಅಣೆಕಟ್ಟಿನ ಸೈರನ್ ಕೂಗಿತು. ದರ್ಜಿ ದಿಬ್ಬದ ಕಡೆ ನೋಡಿದ. ಮಾವ ತಿರುಗಿಯೂ ನೋಡಲಿಲ್ಲ. ಟೆಸ್ಟಿಂಗು ಇರಬೇಕು ಅಂದರು. ಈಗಲಾದರೂ ಬಾಯಿ ಬಿಡೋಣ ಅಂತ ಇವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮಾವನ ಬೆಂಡು ಗುಳುಂ ಅಂತ ಮುಳುಗಿತು.

ಎಂಥ ಮೀನು! ದೋಣಿಯನ್ನೇ ಒಂದು ಸುತ್ತು ತಿರುಗಿಸಿತು. ಮಾವನ ನಡುಗುವ ಕೈ ಆ ಹೊತ್ತು ನಡುಗಲಿಲ್ಲ. ಅರ್ಧ ಗಂಟೆ ಬಿಟ್ಟು ಎಳೆದು, ಎಳೆದು ಬಿಟ್ಟು, ಕೊನೆಗೆ ಚಿನ್ನದ ಬಣ್ಣದ ದಪ್ಪ ಗೆಂಡೆಯೊಂದನ್ನು ಬಲೆಗೆ ತಂದರು. ಅಳೆದರು, ಅದರ ಬೆನ್ನು ಸವರಿದರು, ನೀರಿಗೆ ಬಿಟ್ಟರು. "ದರ್ಜಿ ಕೈ ಅಂದ್ರೆ ದರ್ಜಿ ಕೈ. ಎಷ್ಟು ಎಳೆದ್ರೂ ಗಂಟು ಬಿಚ್ಚಲಿಲ್ಲ ನೋಡಿ" ಎಂದು ಅಳಿಯನ ಭುಜ ತಟ್ಟಿ ತಲೆ ಎತ್ತಿದರು. ಮೂಲೆಯ ಬಾಯಲ್ಲಿದ್ದ ದಿಬ್ಬ ಆಗಲೇ ಮೊಸಳೆಯ ಬೆನ್ನಿನ ಹಾಗೆ ಹೊರಗೆ ಬಂದಿತ್ತು.

ಹುಟ್ಟು ಹಾಕಿದ್ದೇ ಹಾಕಿದ್ದು. ದೋಣಿ ದಿಬ್ಬಕ್ಕೆ ಬಡಿದು ನಿಂತಿತು, ಹಿಂದೆ ಸರಿಯಿತು, ಮತ್ತೆ ಬಡಿಯಿತು. ಹನ್ನೆರಡರ ಹೊತ್ತಿಗೆ ಸುತ್ತಲ ನೀರು ಮೊಣಕಾಲುದ್ದವಾಗಿ, ದೋಣಿ ಹೂಳಿನ ಮೇಲೆ ಕೂತುಬಿಟ್ಟಿತು. ದಡ ಮೂವತ್ತು ಹೆಜ್ಜೆ ದೂರವೂ ಇರಲಿಲ್ಲ. ಆದರೆ ದರ್ಜಿ ಹುಟ್ಟನ್ನು ಕೆಸರಿಗೆ ಚುಚ್ಚಿದರೆ ಅದು ಹಿಡಿಯವರೆಗೂ ಇಳಿಯಿತು, ತಳ ಸಿಗಲಿಲ್ಲ. ಇಳಿದವನು ಎದೆಮಟ್ಟ ಹೂತು ಹೋಗುತ್ತಿದ್ದ. ಮೊಬೈಲಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಕೂಗಿದರೆ ಎದುರಿನ ಗುಡ್ಡ ಕೂಗನ್ನು ಹಾಗೇ ಹಿಂದಕ್ಕೆ ಎಸೆಯುತ್ತಿತ್ತು. ದೋಣಿಯ ಪಕ್ಕದಲ್ಲಿ ಉಳಿದ ಕೊಳದಲ್ಲಿ ಆಗ ಬಿಟ್ಟ ಗೆಂಡೆಯೇ ಇರಬೇಕು, ಬೆನ್ನು ಕಾಣುವ ಹಾಗೆ ಸುತ್ತು ಹಾಕುತ್ತಿತ್ತು. ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತಿತ್ತು.

ಇಬ್ಬರೂ ಎದುರುಬದುರು. ಮಂಡಿಗೆ ಮಂಡಿ ತಾಗುವಷ್ಟು ಜಾಗ. ಎದ್ದು ಹೋಗಲು ಬಾಗಿಲಿಲ್ಲ, ಮೂತಿ ತಿರುಗಿಸಲು ಗೋಡೆಯಿಲ್ಲ. ಬ್ರೆಡ್ಡು ತಿಂದರು, ಫ್ಲಾಸ್ಕಿನ ಕಾಫಿ ಮುಗಿಸಿದರು. ಒಂದಾಯಿತು, ಎರಡಾಯಿತು. ಮಾವ ದಡದ ಕಲ್ಲಿನ ಮೇಲಿದ್ದ ಒದ್ದೆ ಗೆರೆಯನ್ನೇ ನೋಡುತ್ತಿದ್ದರು. ನೀರು ಎಲ್ಲಿತ್ತು, ಎಲ್ಲಿಗೆ ಇಳಿದಿದೆ ಎಂದು ಆ ಗೆರೆ ಹೇಳುತ್ತಿತ್ತು. ಕೈ ಮತ್ತೆ ನಡುಗಲು ಶುರುವಾಗಿತ್ತು. ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

"ಕೈ ಹೋಯ್ತು ಅಂದ್ಕೊಂಡಿದ್ದೆ" ಅಂದರು, ಯಾರಿಗೂ ಅಲ್ಲದ ಹಾಗೆ. "ತಲೇನೂ ಹೋಯ್ತು."

ದರ್ಜಿಗೆ ಮಾವನ ಗದರಿಕೆ ಗೊತ್ತಿತ್ತು, ಜಂಬ ಗೊತ್ತಿತ್ತು. ಈ ದನಿ ಗೊತ್ತಿರಲಿಲ್ಲ. ಇದನ್ನು ಕೇಳಿಕೊಂಡು ಬಾಯಿ ಮುಚ್ಚಿಕೊಂಡು ಕೂರಲು ಅವನಿಂದ ಆಗಲಿಲ್ಲ.

"ನಿಮ್ಮ ತಲೆಗೇನೂ ಆಗಿಲ್ಲ ಮಾವ. ಬೋರ್ಡಲ್ಲಿ ಬರೆದಿತ್ತು. ಇವತ್ತು ಭಾನುವಾರಾನೂ ಬಿಡ್ತಾರಂತೆ."

"ನೀವು ಓದಿದ್ರಾ?"

"ಎರಡು ಸಲ."

ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಆರು ವರ್ಷದಿಂದ ಎದುರಿಗೆ ಕೂತಿದ್ದೀರಿ. ಇನ್ನೇನೇನು ಓದ್ಕೊಂಡು ಸುಮ್ನಿದ್ದೀರಿ, ಅದನ್ನೂ ಹೇಳಿಬಿಡಿ. ನಾನೆಲ್ಲಿಗೂ ಎದ್ದು ಹೋಗೋ ಹಾಗಿಲ್ಲ."

ಹೇಳಿಬಿಟ್ಟ. ಒಮ್ಮೆ ಶುರುವಾದ ಮೇಲೆ ಹೊಲಿಗೆ ಬಿಟ್ಟ ಹಾಗೆ ಸರಸರ ಬಿಚ್ಚಿಕೊಂಡು ಬಂತು: ಪ್ರಾಣ ಅಂದದ್ದು ಸುಳ್ಳು, ಎರೆಹುಳು ಮುಟ್ಟಿದರೆ ಮೈ ಜುಮ್ಮೆನ್ನುತ್ತದೆ, ದೋಣಿ ಅಲುಗಿದರೆ ಹೊಟ್ಟೆ ತೊಳೆಸುತ್ತದೆ, ಆ ಸಹಿ ತನ್ನ ಕೈಲಿ ಆಗುವುದಿಲ್ಲ. ಕೋಟಿನ ಕಥೆಯೂ ಬಂತು, ತೋಳಿಲ್ಲದ್ದು.

ಮಾವ ಕೊಳದ ಮೀನಿನತ್ತ ತಿರುಗಿದರು.

"ಒಂದು ದಿನಾನೂ ಇಷ್ಟ ಆಗ್ಲಿಲ್ವಾ?"

"ಬುತ್ತಿ ಬಿಚ್ಚೋವಾಗ ಸ್ವಲ್ಪ."

ಮಾವ ನಗಲಿಲ್ಲ. "ಇಷ್ಟ ಇಲ್ಲದವನು ಇಂಥ ಗಂಟು ಹಾಕ್ತಾನೇನ್ರೀ" ಎಂದು ಕೋಲಿನ ತುದಿಯ ಕೊಕ್ಕೆಯನ್ನು ಅವನ ಮುಖದ ಮುಂದೆ ಹಿಡಿದರು.

"ಆ ಗಂಟು ನಂದಲ್ಲ ಮಾವ. ನಿಮ್ಮ ಮಗಳದು. ಎಲ್ಲಾ ಅವಳದೇ."

ಮಾವ ಕನ್ನಡಕ ಹಣೆಗೆ ಏರಿಸಿ ಕೊಕ್ಕೆಯನ್ನು ಕಣ್ಣಿನ ಹತ್ತಿರ ತಂದರು. ಎಲ್ಲರೂ ಐದು ಸುತ್ತು ಸುತ್ತುತ್ತಾರೆ, ಇದರಲ್ಲಿ ಆರು ಇತ್ತು. ತುದಿಯನ್ನು ಕತ್ತರಿಸಿರಲಿಲ್ಲ, ಹಲ್ಲಿನಿಂದ ಕಚ್ಚಿತ್ತು. ಹತ್ತು ವರ್ಷದ ಹುಡುಗಿಯ ಬೆರಳಿಗೆ ಬಿಗಿ ಸಾಲದು ಅಂತ ಒಂದು ಸುತ್ತು ಜಾಸ್ತಿ ಹೇಳಿಕೊಟ್ಟವರು ಅವರೇ. ಅವಳಿಗೆ ಹನ್ನೆರಡು ತುಂಬಿದಾಗ, ದೊಡ್ಡವಳಾದಳು ಇನ್ನು ದೋಣಿ ಸಾಕು ಅಂತ ಅವಳ ಅಮ್ಮ ಅಂದಳು, ಇವರು ಹೂಂ ಅಂದರು. ಅವಳ ಪುಟ್ಟ ಕೋಲನ್ನು ಯಾರಿಗೋ ಕೊಟ್ಟುಬಿಟ್ಟರು. ಇಷ್ಟನ್ನೂ ಮಾವ ಆ ಕೊಕ್ಕೆಗೇ ಹೇಳುವವರ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು.

"ಅವಳು ಕೇಳಲೇ ಇಲ್ವಲ್ಲ."

"ನೀವೂ ಕೇಳ್ಲಿಲ್ಲ" ಅಂದ ದರ್ಜಿ. ಆಗ ಅವನಿಗೆ ನಿನ್ನೆಯ ಆ ಬೆರಳು ನೆನಪಾಯಿತು, ಗಂಟಿನ ನಡುವೆ ನಿಂತದ್ದು. ಅದು ಕೋಪವಾಗಿರಲಿಲ್ಲ. ಅವಳಿಗೆ ಈ ನೀರಿನದ್ದು ಅಂತ ಇದ್ದದ್ದು ಅವನು ತರುತ್ತಿದ್ದ ಹೂಂ ಹೂಂ ಅಷ್ಟೇ, ಅದೂ ನಿಲ್ಲುವುದರಲ್ಲಿತ್ತು. "ನಾನೂ ಕೇಳ್ಲಿಲ್ಲ ಮಾವ."

ಮೂರೂವರೆಗೆ ದೋಣಿಕಟ್ಟೆಯ ಕಾವಲುಗಾರ ಬಂದ. ದಿನವಿಡೀ ಒಂದೇ ಜಾಗದಲ್ಲಿ ನಿಂತಿರುತ್ತಿದ್ದ ಅವನನ್ನು ಎಲ್ಲರೂ ಕಂಬಣ್ಣ ಅಂತಲೇ ಕರೆಯುತ್ತಿದ್ದರು. ದೋಣಿ ಎಣಿಸಿದಾಗ ಒಂದು ಕಮ್ಮಿ ಬಂದದ್ದರಿಂದ ಕಂಬವೇ ಅಲುಗಿ ಹುಡುಕಿಕೊಂಡು ಬಂದಿತ್ತು. ಎರಡು ಉದ್ದದ ಹಲಗೆ ತಂದಿದ್ದ. ಒಂದರ ಮುಂದೆ ಒಂದು ಹಾಸಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತ, ದಾರಿಯುದ್ದಕ್ಕೂ ಗೊಣಗುತ್ತ ಬಂದ.

"ಬೋರ್ಡು ನಮ್ಮಜ್ಜಿಗೆ ಬರೆದಿದ್ನಾ ಯಜಮಾನ್ರೇ?"

ಬೇರೆ ದಿನವಾಗಿದ್ದರೆ ಕಂಬಣ್ಣನ ಗ್ರಹಚಾರ ಬಿಡುತ್ತಿತ್ತು. "ನಂಗೆ ಓದೋ ಅಭ್ಯಾಸ ತಪ್ಪಿಹೋಗಿದೆ ಕಂಬಣ್ಣ" ಅಂದರು ಮಾವ. ಆಮೇಲೆ ಮೀನಿನತ್ತ ಬೆರಳು ಮಾಡಿ, ಮೊದಲು ಅದು ಅಂದರು. ಆರು ವರ್ಷದಲ್ಲಿ ಮೊದಲ ಬಾರಿಗೆ ದರ್ಜಿ ಬರಿಗೈಯಲ್ಲಿ ಮೀನು ಹಿಡಿದ. ಒದ್ದೆ ಗೋಣಿಯಲ್ಲಿ ಅದನ್ನು ಎದೆಗವಚಿಕೊಂಡು ಹಲಗೆಯ ಮೇಲೆ ತೆವಳಿ, ದಿಬ್ಬದಾಚೆಯ ದೊಡ್ಡ ನೀರಿಗೆ ಬಿಟ್ಟ. ಜಾರಿಕೊಂಡಿತು, ಹೋಯಿತು. ತಿರುಗಿ ನೋಡಲಿಲ್ಲ.

ಮಾವನೂ ಅದೇ ಹಲಗೆಗಳ ಮೇಲೆ ದಡ ಸೇರಿ, ಇಬ್ಬರೂ ಆಫೀಸು ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಇಬ್ಬರೂ ತೊಡೆಯವರೆಗೆ ಕೆಸರು. ಗುಮಾಸ್ತ ಬೀಗದಕೈ ಹಿಡಿದುಕೊಂಡು ನಿಂತಿದ್ದ. ಮಾವ ಅರ್ಜಿ ಬಿಚ್ಚಿ, ಅಳಿಯ ಅನ್ನೋದು ಹೊಡೆದು ಮಗಳು ಅಂತ ಬರೆದರೆ ಆಗುತ್ತಾ ಎಂದು ಕೇಳಿದರು. ಗುಮಾಸ್ತ ನಿಯಮದ ಪುಸ್ತಕದ ಹಾಳೆ ಮಗುಚಿದ. ಬೇಡ ಅಂತ ಎಲ್ಲೂ ಬರೆದಿಲ್ಲ, ಇದುವರೆಗೆ ಯಾರೂ ಕೇಳಿಲ್ಲ ಅಷ್ಟೆ ಅಂದ. ಆದರೆ ಆಕೆಯೇ ಬಂದು ನನ್ನೆದುರು ಸಹಿ ಹಾಕಬೇಕು, ಐದರೊಳಗೆ. ಮನೆ ಬೆಟ್ಟದ ಕೆಳಗೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಈಗ ಇವರು ಹಾಕಲಿ, ವರ್ಷವಾದ ಮೇಲೆ ಹೆಂಡತಿ ಹೆಸರಿಗೆ ಮಾಡಬಹುದು, ಅಲ್ಲಿವರೆಗೆ ನಲವತ್ತು ಮುದ್ರೆ ತಪ್ಪಬಾರದು ಎಂದು ಅವನೇ ದಾರಿ ತೋರಿಸಿದ.

ಮಾವ ಅಳಿಯನ ಮುಖ ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿದರು. ಒತ್ತಾಯ ಮಾಡುವ ಹಾಗೆ ಒಂದು ಕೆಮ್ಮು ಕೂಡ ಕೆಮ್ಮಲಿಲ್ಲ.

ದರ್ಜಿ ನಿಂತೇ ಇದ್ದ. ಕೋಣೆ ಸಣ್ಣದು, ಕಿಟಕಿಗೆ ಸರಳು, ಬಾಗಿಲಲ್ಲಿ ಗುಮಾಸ್ತನ ಹೊಟ್ಟೆ. "ದೋಣಿಗೆ ಜೊತೆಗೆ ಒಬ್ಬರು ಬರಬಹುದಾ?" ಎಂದು ಕೇಳಿದ. ಒಬ್ಬರು ಬರಬಹುದು ಅಂದ ಗುಮಾಸ್ತ. "ಗಾಳ ಅವರೇ ಹಾಕಬಹುದಾ?" ಯಾರು ಹಾಕಿದರೂ ಮೀನಿಗೇನಂತೆ ಅಂದ ಗುಮಾಸ್ತ, ಬೀಗ ಅಲುಗಿಸುತ್ತ.

ಸಹಿ ಹಾಕಿದ. ಕೆಸರಿನ ಹೆಬ್ಬೆಟ್ಟಿನ ಗುರುತೂ ಪಕ್ಕದಲ್ಲೇ ಬಿತ್ತು.

ಹೊರಗೆ ಬಂದು ಮನೆಗೆ ಫೋನು ಮಾಡಿದ. ಹಾಕಿದ್ರಾ ಎಂದು ಕೇಳಿದಳು. ಹಾಕಿದೆ ಅಂದ. ಆ ಕಡೆ ಪಾತ್ರೆ ಕೆಳಗಿಟ್ಟ ಶಬ್ದ ಕೇಳಿಸಿತು.

"ಹೇಳ್ತೀನಿ ಅಂದಿದ್ರಿ."

"ಹೇಳಿದೆ. ಎಲ್ಲಾ ಹೇಳಿದೆ. ಆಮೇಲೆ ಹಾಕಿದೆ." ಮಾವ ಪಕ್ಕದಲ್ಲಿ ನಿಂತು, ಕೇಳಿ, ಅವಳನ್ನ ಕೇಳಿ ಅಂತ ಮೊಣಕೈಯಿಂದ ತಿವಿಯುತ್ತಿದ್ದರು. "ಮುಂದಿನ ಭಾನುವಾರ ದೋಣಿಗೆ ಬರ್ತೀಯಾ? ಗಾಳ ನೀನು ಹಾಕು."

ಅವಳ ದನಿ ಒಂಥರಾ ಇತ್ತು.

"ಹುಟ್ಟು ಯಾರು ಹಾಕೋದು?"

"ನಾನೇ."

"ನಿಮಗೆ ನೇರ ಹಾಕೋಕೆ ಬರಲ್ಲ" ಅಂದಳು. "ಇರಲಿ, ಕಲಿಸ್ತೀನಿ."

ನಲವತ್ತು ಭಾನುವಾರ. ದರ್ಜಿ ಫೋನು ಜೇಬಿಗಿಟ್ಟು ಬೆಟ್ಟ ಇಳಿಯತೊಡಗಿದ. ದೋಣಿ ಅಲುಗುತ್ತಿದ್ದರೆ ಸೂಜಿಗೆ ದಾರ ಪೋಣಿಸುವುದು ಕಷ್ಟ, ಆದರೆ ಮನೆಯಲ್ಲೇ ಪೋಣಿಸಿಕೊಂಡು ಹೋದರೆ ಕೋಟಿಗೆ ಒಂದು ತೋಳಾದರೂ ಆದೀತು ಎಂದು ಲೆಕ್ಕ ಹಾಕುತ್ತ ನಡೆದ.