ಬಳ್ಳಾರಿ ರಸ್ತೆಯ ಹೊಂಗೆ ಮರ

ಅಲ್ಲಾಳಸಂದ್ರದ ಮಾರಕ್ಕನೂ ಅಮೃತಹಳ್ಳಿಯ ಅಂಜಿನಮ್ಮನೂ ಒಡಹುಟ್ಟಿದವರು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಮಾರಕ್ಕ. ಇಬ್ಬರನ್ನೂ ಅಕ್ಕಪಕ್ಕದ ಊರುಗಳಿಗೇ ಕೊಟ್ಟಾಗ ಹಿಗ್ಗಿದ್ದರು. ಆದರೆ ಮಾರಕ್ಕನ ಮಾವ ಮಾರಿದ ಎತ್ತು ಅಂಜಿನಮ್ಮನ ಮನೆ ಸೇರಿದ ವಾರದಲ್ಲೇ ಕುಂಟತೊಡಗಿತು. ಮಾತಿಗೆ ಮಾತು ಬೆಳೆದು ಎರಡು ಮನೆಗಳ ನಡುವೆ ಹೋಗಿಬರುವುದು ನಿಂತುಹೋಯಿತು. ಸೊಸೆಯರಿಗೂ ಅದೇ ಕಟ್ಟಪ್ಪಣೆ.

ಅವರಿಗೆ ಉಳಿದದ್ದು ಬಳ್ಳಾರಿ ರಸ್ತೆಯ ಬದಿಯ ಒಂದು ಹೊಂಗೆ ಮರ. ಇಬ್ಬರೂ ಹೆಬ್ಬಾಳದಲ್ಲಿ ಸೊಪ್ಪು ಮಾರಿ, ಖಾಲಿ ಪುಟ್ಟಿ ಹೊತ್ತು, ಮಟಮಟ ಮಧ್ಯಾಹ್ನ ಹಿಂತಿರುಗುವಾಗ ಅಲ್ಲಿ ಕೂರುತ್ತಿದ್ದರು. ಬಿಸಿಲಲ್ಲಿ ಬಂದವರು ನೆರಳಿಗೆ ಕೂತರೆ ಯಾರೂ ಏಕೆಂದು ಕೇಳುವುದಿಲ್ಲ. ರಸ್ತೆಯ ಟಾರು ಅಂಗಾಲು ಸುಡುತ್ತಿದ್ದರೂ ಮರದ ಬುಡದ ಮಣ್ಣು ತಣ್ಣಗಿರುತ್ತಿತ್ತು. ಅಂಜಿನಮ್ಮ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗುವಳು. ಅವಳ ಕೂದಲಿನ ಸಿಕ್ಕು ಬಿಡಿಸುತ್ತಾ ಮಾರಕ್ಕ, ಮುದ್ದೆಗೆ ಏನು ಸಾರು ಮಾಡಿದ್ದೆ, ಅತ್ತೆ ಬೈದಳೇ ಎಂದೆಲ್ಲ ಕೇಳುವಳು.

ಅರವತ್ನಾಲ್ಕನೇ ಇಸವಿಯ ಶಿವರಾತ್ರಿ ಕಳೆದ ಮೇಲೆ ರಸ್ತೆ ಅಗಲ ಮಾಡುವವರು ಬಂದರು. ಸಾಲುಮರಗಳು ಒಂದೊಂದಾಗಿ ಉರುಳಿದವು. ಮುಂದಿನ ಸಲ ಮಾರಕ್ಕ ಬಂದಾಗ ಹೊಂಗೆ ಇದ್ದ ಜಾಗದಲ್ಲಿ ಜಲ್ಲಿಯ ರಾಶಿ ಬಿದ್ದಿತ್ತು. ಅದರ ಪಕ್ಕದಲ್ಲಿ ತುಂಬು ಬಸುರಿ ಅಂಜಿನಮ್ಮ ತಲೆಗೆ ಸೆರಗು ಹೊದ್ದು ನಿಂತಿದ್ದಳು. ಮುಖ ಕೆಂಪೇರಿತ್ತು, ತುಟಿ ಒಣಗಿತ್ತು.

"ಎಷ್ಟೊತ್ತಿಂದ ನಿಂತಿದ್ದೀಯೇ?"

"ನೀನು ಬಂದ್ರೆ ಸಾಕಾಗಿತ್ತು ಕಣಕ್ಕ."

ಮಾರಕ್ಕ ಪುಟ್ಟಿಯನ್ನು ತಂಗಿಯ ತಲೆಯ ಮೇಲೆ ಮರೆಯಾಗಿ ಹಿಡಿದಳು. ಆ ಸುಡುಬಿಸಿಲಲ್ಲಿ ಕೂತು ಮಾತಾಡುವಂತಿರಲಿಲ್ಲ.

"ಮನೆಗೆ ನಡಿ. ಇನ್ಮೇಲೆ ಈ ಬಿಸಿಲಾಗೆ ಬರಬ್ಯಾಡ," ಎಂದಳು.

"ಮತ್ತೆ ನಿನ್ನ ಎಲ್ಲಿ ನೋಡ್ಲಿ?"

ಮಾರಕ್ಕ ತಂಗಿಯ ಸೆರಗನ್ನು ಹಣೆಯ ಮೇಲಕ್ಕೆ ಎಳೆದು, ಅವಳನ್ನು ಅಮೃತಹಳ್ಳಿಯ ಕಡೆ ತಿರುಗಿಸಿದಳು.

ಆಮೇಲೆ ಅಂಜಿನಮ್ಮ ಬರಲಿಲ್ಲ. ಬರಬೇಡವೆಂದು ತಾನೇ ಹೇಳಿದ್ದರೂ ಮಾರಕ್ಕ ಪ್ರತಿ ಸಲ ಆ ಜಲ್ಲಿರಾಶಿಯ ಹತ್ತಿರ ನಿಧಾನಿಸುವಳು. ದೂರದಲ್ಲಿ ಯಾರ ತಲೆಯ ಮೇಲಾದರೂ ಪುಟ್ಟಿ ಕಂಡರೆ ನಿಂತು ಕಾಯುವಳು. ಹತ್ತಿರ ಬಂದಾಗ ಬೇರೆ ಯಾರೋ. ಅಮೃತಹಳ್ಳಿಯಿಂದ ಬರುವ ಗಾಡಿಯವರನ್ನು ಕೇಳಬೇಕೆನಿಸಿದರೂ, ಮಾವನ ಕಿವಿಗೆ ಬಿದ್ದೀತೆಂದು ಹಾಗೇ ಮುಂದೆ ನಡೆಯುವಳು. ರಾತ್ರಿ ಮುದ್ದೆ ಮುರಿಯುವಾಗ ಕೈ ಹಾಗೇ ನಿಲ್ಲುತ್ತಿತ್ತು. ಹೆರಿಗೆ ಆಯಿತೋ, ಇಲ್ಲವೋ?

ಚೈತ್ರ ಕಳೆಯುವಷ್ಟರಲ್ಲಿ ತಾಳ್ಮೆ ಮುಗಿಯಿತು. ಒಂದು ಮಧ್ಯಾಹ್ನ ಹೆಬ್ಬಾಳದಿಂದ ಬರುತ್ತಾ ಅವಳು ಅಮೃತಹಳ್ಳಿಯ ದಾರಿಗೆ ತಿರುಗಿಬಿಟ್ಟಳು. ದಾರಿಯುದ್ದಕ್ಕೂ ಒಂದು ಗಿಡವೂ ಇರಲಿಲ್ಲ. ತಂಗಿಯ ಮನೆಯ ಮುಂದೆ ನಿಂತಾಗ ಕಣ್ಣು ಕತ್ತಲಿಡುತ್ತಿತ್ತು. ಬಾಗಿಲಲ್ಲಿ ಅಂಜಿನಮ್ಮನ ಅತ್ತೆ ಮುನಿವೆಂಕಟಮ್ಮ ಕಾಣಿಸಿಕೊಂಡಳು.

"ಯಾಕೆ ಬಂದೆ?"

"ಅವಳು ಎಂಗವ್ಳೆ ಅಂತ ಏಳಿ ಸಾಕು, ಅತ್ತೆ. ಒಂಟೋಯ್ತೀನಿ."

ಮುದುಕಿ ಅವಳ ಬೆವರು ಬತ್ತಿದ ಮುಖವನ್ನೂ ಬೊಬ್ಬೆಯೆದ್ದ ಪಾದಗಳನ್ನೂ ನೋಡಿದಳು.

"ಶಿವರಾತ್ರಿ ಆದ್ಮೇಲೆ ಒಂದಿನ ಎಬ್ಬಾಳದಿಂದ ಬರೋವಾಗ ರಸ್ತೇಲೇ ತಲೆ ತಿರುಗಿ ಬಿದ್ಲು. ಆಗ್ಲಿಂದ ಆಸಿಗೆ ಬಿಟ್ಟು ಎದ್ದಿಲ್ಲ. ಮಗು ಚೆನ್ನಾಗೈತೆ, ಎಣ್ಣು." ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. "ಬಿಸಿಲಾಗೆ ನಿಂತ್ಕೋಬ್ಯಾಡ. ಒಳಕ್ ಬಾ. ಒತ್ತು ಇಳಿದ್ ಮೇಲೆ ಓಗೀವಂತೆ."

ನಡುಮನೆ ಕತ್ತಲಾಗಿ ತಂಪಾಗಿತ್ತು. ಅಂಜಿನಮ್ಮ ಅಕ್ಕನನ್ನು ನೋಡಿ ಕೈ ಹಿಡಿದುಕೊಂಡು ಅತ್ತಳು. ಮಾರಕ್ಕ ಮಗುವನ್ನು ಮಡಿಲಿಗೆ ತೆಗೆದುಕೊಂಡು, ತಂಗಿಯ ಹಣೆ ಸವರುತ್ತಾ ಕೂತಳು. ಮುನಿವೆಂಕಟಮ್ಮ ಮಜ್ಜಿಗೆಯ ಚೊಂಬು ಇಟ್ಟು ಹೊರಗೆ ಹೋದಳು.

ಹಿತ್ತಲ ಬಾಗಿಲಿನಿಂದ ಬಿದ್ದ ಬಿಸಿಲಿನ ಪಟ್ಟಿ ನೆಲದ ಮೇಲೆ ಸರಿಯುತ್ತಿತ್ತು. ಇಬ್ಬರ ಕಣ್ಣೂ ಅದರ ಮೇಲೆಯೇ ಇತ್ತು.

"ಇನ್ನೂ ಬಿಸಿಲೈತೆ ಕಣಕ್ಕ," ಎಂದಳು ಅಂಜಿನಮ್ಮ. ಹೊತ್ತು ಇಳಿದು ಪಟ್ಟಿ ಆಗಲೇ ಗೋಡೆ ಹತ್ತಿತ್ತು.