ಮುಂಡಪ್ಪನ ದನಿ

ಮುಂಬಯಿ ಹತ್ತಿರದ ಠಾಕುರ್ಲಿ ಸ್ಟೇಷನ್ ಪಕ್ಕದ ಹೋಟೆಲಿನ ಮುಂಡಪ್ಪನ ದನಿ ಕೇಳದವರು ಆ ರಸ್ತೆಯಲ್ಲಿ ಯಾರೂ ಇಲ್ಲ, ಅವನ ಹೆಂಡತಿ ರತ್ನಾವತಿಯೊಬ್ಬಳನ್ನು ಬಿಟ್ಟರೆ. ಗಲ್ಲಾದಲ್ಲಿ ಕೂತು ಅವನು 'ಏಕ್ ಸಾದಾ, ದೋ ಮೆದುವಡಾ' ಎಂದು ಕೂಗಿದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೂ ಹಸಿವಾಗುತ್ತಿತ್ತು. ಮದುವೆಯ ಹೊಸತರಲ್ಲಿ ರತ್ನಾವತಿ ಮನಸೋತದ್ದು ಆ ದನಿಗೇ, ರೂಪಕ್ಕಂತೂ ಅಲ್ಲ.

ಮಗಳು ನಿಶ್ಮಿತಾ ಶಾಲೆಗೆ ಹೋಗುವ ಕಾಲಕ್ಕೆ ರತ್ನಾವತಿಯ ಎರಡೂ ಕಿವಿ ಸೋರತೊಡಗಿದವು. ಆಪರೇಷನ್ ಆಯಿತು, ಸೋರುವುದು ನಿಲ್ಲಲಿಲ್ಲ, ಕೇಳುವುದು ನಿಂತಿತು. ಕಿವಿಯೊಳಗೆ ಇಡುವ ಮಷೀನು ಸೋರುವ ಕಿವಿಗೆ ಆಗಿಬರಲಿಲ್ಲ. ಅವಳು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು. ಗಂಡನ ತುಟಿಯನ್ನಂತೂ ಅಡಿಗೆಮನೆಯ ಬಾಗಿಲಿನಿಂದಲೇ ಓದುತ್ತಿದ್ದಳು.

ಮೂವತ್ತು ವರ್ಷ ಕಳೆದ ಮೇಲೆ, ಈಚೆಗೆ ಠಾಣೆ ನಗರದ ಡಾಕ್ಟರೊಬ್ಬರು, ಕಿವಿಯ ದಾರಿ ಕೆಟ್ಟರೇನು, ಒಳಗಿವಿ ಗಟ್ಟಿಯಿದೆ, ತಲೆಬುರುಡೆಯ ಎಲುಬಿನ ಮೂಲಕವೇ ಸದ್ದು ಕಳಿಸೋಣ ಎಂದರು. ಪರೀಕ್ಷೆಗೆ ನಿಶ್ಮಿತಾಳೇ ಕರೆದುಕೊಂಡು ಹೋದಳು. ಮುಂಡಪ್ಪನಿಗೆ ಗಲ್ಲಾ ಬಿಡಲು ಪುರುಸೊತ್ತು ಎಲ್ಲಿಯದು? ಕಿವಿಯ ಹಿಂದೆ ಎಲುಬಿಗೆ ಸಣ್ಣದೊಂದು ತುಂಡು ಕೂರಿಸಿದರು. ಗಾಯ ಮಾಗುವವರೆಗೂ ರತ್ನಾವತಿಗೆ ಒಂದೇ ಜಪ: ಇವರ ದನಿ ಮತ್ತೊಮ್ಮೆ ಕೇಳಬೇಕು.

ಮಷೀನು ಜೋಡಿಸುವ ದಿನ ಮುಂಡಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು ತಾನೂ ಬಂದ. ಆಸ್ಪತ್ರೆಯಲ್ಲಿ ಕಿವಿ ತಪಾಸಣೆ ಮಾಡುವ ಮುಕ್ತಾ ಎಂಬವಳು ರತ್ನಾವತಿಯ ಕೂದಲು ಸರಿಸಿ ಗುಂಡಿಯಷ್ಟಗಲದ ಮಷೀನನ್ನು ಕಿವಿಯ ಹಿಂದೆ ಅಂಟಿಸಿದಳು. ಫ್ಯಾನು ಗರಗರ ಎಂದಿತು.

"ಅಮ್ಮಾ," ಎಂದಳು ನಿಶ್ಮಿತಾ.

ರತ್ನಾವತಿ ಮಗಳ ಕೈ ಹಿಡಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. ಮುಂಡಪ್ಪ ನಾಚುತ್ತ ಮುಂದೆ ಬಾಗಿದ. ತುಟಿ ಅಲ್ಲಾಡಿತು. 'ರತ್ನಾ, ಕೇಳ್ತದಾ?' ಅವಳು ಓದಿದಳು. ಕೇಳಲಿಲ್ಲ.

ಮುಕ್ತಾ ಕಂಪ್ಯೂಟರಿನಲ್ಲಿ ಏನೋ ಏರಿಸಿದಳು. ಫ್ಯಾನು ಜೋರಾಯಿತು, ಹೊರಗೆ ಯಾರೋ ಕೆಮ್ಮಿದ್ದೂ ಕೇಳಿಸಿತು. ಮುಂಡಪ್ಪ ಮತ್ತೆ ತುಟಿ ಆಡಿಸಿದ. ಏನೂ ಇಲ್ಲ.

ಮುಕ್ತಾ ಕೈ ನಿಲ್ಲಿಸಿ ಅವನನ್ನೇ ನೋಡಿದಳು. "ಅಂಕಲ್, ಆಪ್ ಆವಾಜ್ ಹೀ ನಹೀ ನಿಕಾಲ್ ರಹೇ." ನೀವು ದನಿಯನ್ನೇ ಹೊರಡಿಸುತ್ತಿಲ್ಲ ಎಂದಳು.

ಮುಂಡಪ್ಪ ತಲೆ ತಗ್ಗಿಸಿದ.

"ಅಮ್ಮಾ, ಪಪ್ಪ ನಿನ್ನ ಹತ್ರ ಹಾಗೇ ಮಾತಾಡುದು," ಎಂದಳು ನಿಶ್ಮಿತಾ. "ಮುಝೆ ಲಗಾ, ನಿಂಗೆ ಗೊತ್ತುಂಟು ಅಂತ."

ರತ್ನಾವತಿಗೆ ಗರ ಬಡಿದಂತಾಯಿತು. ಮೊದಮೊದಲು ಅವನು ಕೂಗಿ ಹೇಳುತ್ತಿದ್ದದ್ದು ನಿಜ. ಗೋಡೆಗೂ ಕಿವಿಯಿರುತ್ತದಂತೆ, ಅವರ ಬಿಲ್ಡಿಂಗಿನ ಗೋಡೆಗಳಿಗಂತೂ ಬೇರೇನೂ ಇರಲಿಲ್ಲ. ನಿಮ್ಮ ಮನೆಯ ಸಾರು, ಜಗಳ ಎರಡೂ ನಮಗೆ ಬಾಯಿಪಾಠ ಎಂದು ಪಕ್ಕದ ಮನೆಯ ವಿಮಲಾ ನಕ್ಕಿದ್ದಳು. ಅಂದಿನಿಂದ ಇವನು ದನಿ ತಗ್ಗಿಸಿರಬೇಕು. ತುಟಿ ಓದುವವಳ ಮುಂದೆ ಗಂಟಲು ಯಾಕೆ ಹರಿದುಕೊಳ್ಳುವುದು ಎಂದು ಆಮೇಲೆ ಪೂರ್ತಿ ಬಿಟ್ಟೇಬಿಟ್ಟ. ಗಿರಾಕಿಗೆ ದನಿ, ಹಾಲಿನವನಿಗೆ ದನಿ, ಹೆಂಡತಿಗೆ ಬರೀ ಗಾಳಿ. ಅವಳ ಅಮ್ಮ ತೀರಿಹೋದ ದಿನ ಎದುರು ಕೂತು ಅಷ್ಟು ಹೊತ್ತು ಸಮಾಧಾನ ಹೇಳಿದ್ದನಲ್ಲ, ಅದೂ ಗಾಳಿಯೇ? ಅವಳಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು.

ಮುಂಡಪ್ಪ ಇನ್ನೊಮ್ಮೆ ಪ್ರಯತ್ನಿಸಿದ. ಅವಳ ಮುಖ ಕಂಡದ್ದೇ ತುಟಿ ಅಲ್ಲಾಡಿತು, ಗಂಟಲು ಏಳಲಿಲ್ಲ. ಅವನ ಹಣೆ ಬೆವರಿತು. ಬೇಕೆಂದು ಮಾಡುತ್ತಿಲ್ಲ, ಬರುತ್ತಲೇ ಇಲ್ಲ ಎಂದು ಅವಳಿಗೆ ಆಗ ತಿಳಿಯಿತು.

ರತ್ನಾವತಿ ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಗಂಡನಿಗೆ ಬೆನ್ನು ಹಾಕಿ ಕೂತಳು. ಕಿವಿ ಹೋದ ಮೇಲೆ ಮಾತಿನ ನಡುವೆ ಅವಳು ಅವನಿಗೆ ಬೆನ್ನು ಹಾಕಿದ್ದೇ ಇಲ್ಲ.

"ನಾನು ನಿಮ್ಮ ಮೋರೆ ನೋಡುದಿಲ್ಲ. ಈಗ ಮಾತಾಡಿ."

ಮುಂಡಪ್ಪ ಕೊನೆಗೆ, ಚಾ ಆಯಿತಾ ಎಂದು ದಿನಾ ಬೆಳಿಗ್ಗೆ ತುಳುವಿನಲ್ಲಿ ಕೇಳುವುದನ್ನೇ ಕೇಳಿದ.

"ರತ್ನಾ, ಚಾ ಆಂಡಾ?"

ಒಡೆದು, ನಡುಗುವ, ಹಣ್ಣುಹಣ್ಣು ಮುದುಕನ ದನಿ. ರತ್ನಾವತಿ ಬೆಚ್ಚಿ, ಒಳಗೆ ಬಂದವರು ಯಾರೆಂದು ತಿರುಗಿ ನೋಡಿದಳು.

ಬಾಗಿಲು ಹಾಕಿತ್ತು. ಕೋಣೆಯಲ್ಲಿ ಮುಂಡಪ್ಪನ ಹೊರತು ಬೇರೆ ಗಂಡಸು ಇರಲಿಲ್ಲ.