ಅರ್ಜಿದಾರಳಲ್ಲಿ ಕಂಡ ಕೊರತೆ

ಸೆವೆರಿನಾ ನೊರಾಲೆಸ್‌ಗೆ ಆ ಕುರ್ಚಿ ಬೇಕಾಗಿತ್ತು. ಯಾರ ಮುಂದೆಯೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯ ಬರುವುದಿಲ್ಲ ಎಂದುಕೊಂಡಿದ್ದಳು. ನಮ್ಮೂರಿನ ಕಿವುಡು ಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿದ್ದ ಡೆನ್ಮಾರ್ಕಿನ ಹೆಂಗಸು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೆ, ಬೆಳಿಗ್ಗೆ ಬೀಗ ತೆಗೆಯುವುದರಿಂದ ಹಿಡಿದು ಸಂಜೆ ಮಕ್ಕಳನ್ನು ದೋಣಿ ಹತ್ತಿಸುವವರೆಗೆ ಎಲ್ಲವನ್ನೂ ಅವಳೇ ನಡೆಸಿಕೊಂಡು ಬಂದಿದ್ದಳು. ಹುದ್ದೆಯ ಮುಂದೆ ಮಾತ್ರ 'ಹಂಗಾಮಿ' ಎಂದಿತ್ತು. ಸಂಬಳ ಅಲ್ಲೇ ಇಟ್ಟು ಕೆಲಸ ಮಾತ್ರ ಹೆಚ್ಚಿಸುವುದಕ್ಕೆ ದೊಡ್ಡವರು ಕೊಟ್ಟ ಮರ್ಯಾದೆಯ ಹೆಸರು ಅದು.

ಶಾಲೆ ನಡೆಸುವುದು ಒಂದು ಸೇವಾ ಸಂಸ್ಥೆ. ಅದರ ಹಣ ಬರುವುದು ಡೆನ್ಮಾರ್ಕಿನಿಂದ. ಹಣ ಬರುವ ಕಡೆಯಿಂದಲೇ ಮನುಷ್ಯರೂ ಬರುತ್ತಾರೆ. ಈ ಸಲ ಆ ಕುರ್ಚಿಗೆಂದು ಬಂದವಳು ಮೆರೆಟೆ. ಪಾಪ, ಕೆಟ್ಟ ಹುಡುಗಿಯಲ್ಲ. ಅವಳ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಪ್ರವಾಸಿಯ ಮುದ್ರೆ. ತಿಂಗಳಿಗೊಮ್ಮೆ ಹೋಗಿ ಅದನ್ನು ಮುಂದಕ್ಕೆ ಹಾಕಿಸಿಕೊಂಡು ಬರುತ್ತಿದ್ದಳು. ಕೆಲಸದ ಪರವಾನಗಿ ಕೈಗೆ ಬರುವವರೆಗೆ ಸೀಮೆಸುಣ್ಣ ಮುಟ್ಟಿದರೂ ತಪ್ಪು. ಹಾಗಾಗಿ ಜಗಲಿಯ ಮೇಲೆ ಕೂತು ಮಕ್ಕಳಿಗೆ ನಗು ಕೊಟ್ಟು ನಗು ಇಸಿದುಕೊಳ್ಳುತ್ತಿದ್ದಳು.

ಪರವಾನಗಿ ಬೇಕೆಂದರೆ, ಈ ಕೆಲಸಕ್ಕೆ ನಮ್ಮ ದೇಶದವರು, ಅಂದರೆ ಬೆಲೀಜ್‌ನವರು, ಯಾರೂ ಸಿಗಲಿಲ್ಲ ಎಂದು ಸಂಸ್ಥೆ ತೋರಿಸಬೇಕು. ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು, ಬಂದವರನ್ನು ಸಂದರ್ಶನ ಮಾಡಬೇಕು, ಯಾಕೆ ಬೇಡವಾದರು ಎಂದು ಬರೆದು ರಾಜಧಾನಿಗೆ ಕಳಿಸಬೇಕು. ಈ ಬರೆಯುವ ಕೆಲಸವೆಲ್ಲ ಮೊದಲಿನಿಂದಲೂ ಸೆವೆರಿನಾಳದೇ. ಮೊದಲ ಸಲದ ಜಾಹೀರಾತನ್ನು ಅವಳು, ಸಂಸ್ಥೆಯವರು ಹೇಳಿದ ಹಾಗೆ, ಮೆರೆಟೆಯ ಮೈ ಅಳತೆಗೇ ಹೊಲಿದಿದ್ದಳು: 'ಡೇನಿಷ್ ಭಾಷೆ ಬಲ್ಲವರಾಗಿರಬೇಕು.' ಅದು ವಾಪಸ್ಸು ಬಂತು. ರಾಜಧಾನಿಯಲ್ಲಿ ಯಾರೋ ಪುಣ್ಯಾತ್ಮ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದ: 'ನಿಮ್ಮ ಮಕ್ಕಳು ಡೇನಿಷ್‌ನಲ್ಲಿ ಕಿವುಡರೇ?'

ಸೆವೆರಿನಾ ಅವತ್ತು ಒಬ್ಬಳೇ ಕೂತು ಮನಸಾರೆ ನಕ್ಕಿದ್ದಳು. ಅಲ್ಲಿ ಓದುವವನೊಬ್ಬ ಇದ್ದಾನೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಎರಡನೆಯ ಸಲ ಜಾಹೀರಾತು ನೆಟ್ಟಗಿತ್ತು. ಆದರೆ ಒಂದು ಅರ್ಜಿಯೂ ಬರಲಿಲ್ಲ. ಜಗಲಿಯ ಮೇಲೆ ಕೂತ ಬಿಳಿ ಹುಡುಗಿಯನ್ನು ಊರೆಲ್ಲ ನೋಡಿತ್ತು. ನಿಶ್ಚಿತಾರ್ಥವಾದ ಹೆಣ್ಣಿನ ಮನೆಗೆ ಯಾರು ಗಂಡು ಕರೆದುಕೊಂಡು ಹೋಗುತ್ತಾರೆ?

ಸಂಸ್ಥೆಯ ಸ್ಥಳೀಯ ಅಧ್ಯಕ್ಷ ಮಿಸ್ಟರ್ ಆಲ್ರಿಕ್‌ಗೆ ಇದು ತಲೆನೋವಾಯಿತು. ನಮ್ಮವರೇ, ಇದೇ ಊರಿನವರು, ಸೆವೆರಿನಾಳ ತಂದೆಯ ಜೊತೆ ಮೀನು ಹಿಡಿದವರು. ಒಂದು ಬೆಳಿಗ್ಗೆ ಅವಳ ಮೇಜಿನ ಅಂಚಿಗೆ ಒರಗಿ ನಿಂತರು.

"ಒಂದೂ ಅರ್ಜಿ ಬರ್ಲಿಲ್ಲ ಅಂದ್ರೆ ಅವ್ರಿಗೆ ಅನುಮಾನ ಬರುತ್ತೆ ಸೆವಿ. ನಮ್ಮವ್ರು ಒಬ್ರಾದ್ರೂ ಬಂದು ಬೇಡ ಅನ್ನಿಸ್ಕೋಬೇಕು."

"ಯಾರು ಬರ್ತಾರೆ ಮಿಸ್ಟರ್ ಆಲ್ರಿಕ್?"

"ನೀನೇ ಒಂದು ಹಾಕ್ಬಿಡು. ಫೈಲಿಗೆ ಅಷ್ಟೇ. ನಮ್ಮ ಹುಡುಗಿ ನೀನು, ನಿನ್ನ ಹತ್ರ ಅಲ್ದೆ ಇನ್ಯಾರ ಹತ್ರ ಕೇಳ್ಲಿ?"

ಕೆನ್ನೆಗೆ ಹೊಡೆದಂತಾಗಬೇಕಿತ್ತು. ಏನೂ ಆಗಲಿಲ್ಲ. ಮಲಗಿದ ಮಗುವನ್ನು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲು ಎನ್ನುವಂತೆ, ಅವಳಿಗೆ ಮೈಯೆಲ್ಲ ಹಾಗಿತ್ತು. "ಆಯ್ತು," ಎಂದು ಕಂಪ್ಯೂಟರಿನ ಕಡೆ ತಿರುಗಿದಳು.

ಮನೆಯಲ್ಲಿ ಅವಳ ತಾಯಿ ಬೆನಿತಾ ಒರಳಿನಲ್ಲಿ ಬಾಳೆಕಾಯಿ ಕುಟ್ಟುತ್ತಿದ್ದಳು. ವಿಷಯ ಕೇಳಿ ಒನಕೆ ನಿಲ್ಲಿಸಿದಳು.

"ಸೋಲೋದಕ್ಕೆ ಅಂತಾನೇ ಅರ್ಜಿ ಹಾಕೋದು ಎಲ್ಲಾದ್ರೂ ಉಂಟೇನೇ? ಆಲ್ರಿಕ್‌ಗೆ ಬುದ್ಧಿ ಇಲ್ಲ, ನಿನಗೆ ನಾಚಿಕೆ ಇಲ್ಲ."

"ಫೈಲಿಗೆ ಅಷ್ಟೇ ಅಮ್ಮಾ."

"ಫೈಲಂತೆ! ನಿನ್ನ ಶವಪೆಟ್ಟಿಗೆಗೆ ನೀನೇ ಮೊಳೆ ಹೊಡೀತಿದೀಯ, ಅದೂ ಅಂದವಾಗಿ ಸಾಲಾಗಿ. ಹೊಟ್ಟೆ ಉರಿಯಲ್ವಾ?"

"ಏನೂ ಆಗ್ತಿಲ್ಲ."

"ಅದೇ ನಂಗೆ ಹೆದ್ರಿಕೆ," ಎಂದ ತಾಯಿ ಮತ್ತೆ ಕುಟ್ಟತೊಡಗಿದಳು. ಅವತ್ತು ಬಾಳೆಕಾಯಿ ಬೇಕಾದ್ದಕ್ಕಿಂತ ಹೆಚ್ಚು ನುಣ್ಣಗಾಯಿತು. ತೆಂಗಿನ ಹಾಲಿನ ಮೀನುಸಾರಿನ ಜೊತೆ ಇಬ್ಬರೂ ಅದನ್ನೇ ಉಂಡರು.

ಸಂದರ್ಶನ ಶಾಲೆಯ ಅಡುಗೆಮನೆಯಲ್ಲೇ ನಡೆಯಿತು. ಕೇಳುವವರು ಮಿಸ್ಟರ್ ಆಲ್ರಿಕ್, ಹೇಳುವವಳು ಸೆವೆರಿನಾ. ಹೇಳಿದ್ದನ್ನು ಬರೆದುಕೊಳ್ಳುವವಳೂ ಅವಳೇ. ಅಧ್ಯಕ್ಷರು ತೆಂಗಿನಕಾಯಿ ಬನ್ನು ತಿನ್ನುತ್ತಾ ಹಾಳೆ ನೋಡಿ ಓದಿದರು.

"ಈ ಹುದ್ದೆ ನಿಮಗೆ ಯಾಕೆ ಬೇಕು?"

'ಏನಾದರೂ ಬರೆದುಕೋ' ಎನ್ನುವ ಧಾಟಿ ಅದು. ಆದರೆ ಹಾಗೆ ಎದುರಿಗೆ ಕೂತು ಆ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಯಾಕಂದ್ರೆ ಬರೋವ್ರೆಲ್ಲ ಹೋಗ್ತಾರೆ. ಪ್ರತಿ ಸಲ ಒಬ್ರು ಹೋದಾಗ ಮಕ್ಕಳು ಒಂದು ವಾರ ಗೇಟಿನ ಹತ್ರ ನಿಂತಿರ್ತಾವೆ. ಎಲ್ಲಿ ಹೋದ್ರು ಅಂತ ಕೈಯಲ್ಲಿ ಕೇಳ್ತಾವೆ. ನಾನು ಹೋಗಲ್ಲ. ನಂಗೆ ಈ ಕೆಲಸ ಬೇಕು ಮಿಸ್ಟರ್ ಆಲ್ರಿಕ್."

ಅಧ್ಯಕ್ಷರು ಅಗಿಯುವುದನ್ನು ನಿಲ್ಲಿಸಿದರು. ಅವಳ ಮುಖ ನೋಡಿದರು. ಆಮೇಲೆ, ತಮಾಷೆ ಎಂದುಕೊಳ್ಳುವುದೇ ಎಲ್ಲರಿಗೂ ಒಳ್ಳೆಯದು ಎಂದು ತೀರ್ಮಾನಿಸಿದವರಂತೆ ಮೇಜು ತಟ್ಟಿ ನಕ್ಕರು. "ಭೇಷ್! ಎಷ್ಟು ಚೆನ್ನಾಗಿ ಹೇಳ್ದೆ ನೋಡು. ಹಾಗೇ ಬರ್ಕೋ. ಬೇಡ ಅಂದಿದ್ದಕ್ಕೆ ಕಾರಣ ಅಂತ ಒಂದು ಜಾಗ ಇದೆಯಲ್ಲ, ಅದಕ್ಕೂ ಏನೋ ಒಂದು ತುಂಬ್ಸು, ಬಂದು ಸಹಿ ಹಾಕ್ತೀನಿ." ಬಸ್ಸಿಗೆ ಹೊತ್ತಾಯಿತೆಂದು ಟೋಪಿ ಎತ್ತಿಕೊಂಡು ಹೊರಟೇಹೋದರು.

'ಅರ್ಜಿದಾರಳಲ್ಲಿ ಕಂಡ ಕೊರತೆ' ಎಂಬ ಸಾಲಿನ ಮುಂದೆ ಜಾಗ ಖಾಲಿ ಇತ್ತು. ಸೆವೆರಿನಾ 'ಅನುಭವ ಸಾಲದು' ಎಂದು ಬರೆದಳು. ಅಳಿಸಿದಳು. 'ತರಬೇತಿ ಸಾಲದು' ಎಂದಳು. ಅವಳ ತರಬೇತಿಯ ಪ್ರಮಾಣಪತ್ರ ಎದುರಿನ ಗೋಡೆಯ ಮೇಲೇ ಇತ್ತು, ಅದನ್ನೂ ಅಳಿಸಿದಳು. 'ಆಸಕ್ತಿ ಇಲ್ಲ' ಎಂದು ಬರೆಯಹೊರಟಾಗ ಮಾತ್ರ ಬೆರಳು ಮುಂದೆ ಹೋಗಲಿಲ್ಲ. ಎಷ್ಟೋ ಜನರ ಬಗ್ಗೆ ಎಷ್ಟೋ ಸುಳ್ಳನ್ನು ಇದೇ ಬೆರಳಲ್ಲಿ ಟೈಪ್ ಮಾಡಿದ್ದಳು. ತನ್ನ ವಿಷಯದಲ್ಲಿ ಒಂದು ಚಿಕ್ಕ ಸುಳ್ಳು ಸಿಗಲಿಲ್ಲ.

ಕಡೆಗೆ ಬರೆದದ್ದು ಇಷ್ಟು: 'ಅರ್ಜಿದಾರಳಲ್ಲಿ ಯಾವ ಕೊರತೆಯೂ ಕಂಡುಬಂದಿಲ್ಲ. ಈ ಕೆಲಸವನ್ನು ಈಗ ಮಾಡುತ್ತಿರುವವಳೂ ಅವಳೇ. ಹುದ್ದೆಯನ್ನು ಮೊದಲೇ ಬೇರೆಯವರಿಗೆ ಕೊಟ್ಟಾಗಿದೆ.'

ಮರುದಿನ ಮಿಸ್ಟರ್ ಆಲ್ರಿಕ್ ಸಹಿ ಹಾಕಿದರು. ಓದಲಿಲ್ಲ. ಸೆವಿ ಬರೆದದ್ದನ್ನು ಯಾಕೆ ಓದಬೇಕು, ಅವಳು ತಪ್ಪು ಮಾಡುವವಳಲ್ಲವಲ್ಲ.

ಆಮೇಲೆ ಅವಳು ಕಾದಳು. ಕೆಂಪು ಶಾಯಿಯವನು ಓದುತ್ತಾನೆ, ಪುಟ ತಿರುವುವ ಕೈ ಅಲ್ಲಿ ನಿಲ್ಲುತ್ತದೆ, ಫೋನು ಮಾಡುತ್ತಾನೆ. ಅವಳ ಲೆಕ್ಕ ಅಷ್ಟೇ ಇತ್ತು. ರಾಜಧಾನಿಗೆ ಕರೆಸಿದರೆ ಇರಲಿ ಎಂದು ನೀಲಿ ರವಿಕೆಯೊಂದನ್ನು ಇಸ್ತ್ರಿ ಮಾಡಿ ತೂಗುಹಾಕಿದಳು. ಫೋನು ಬಂದಾಗಲೆಲ್ಲ ತಾನೇ ಓಡಿಹೋಗಿ ಎತ್ತುತ್ತಿದ್ದಳು. ಎತ್ತಿದರೆ ಅಕ್ಕಿ ಅಂಗಡಿಯವನೋ, ಮಗುವಿಗೆ ಜ್ವರ ಎನ್ನುವ ತಾಯಿಯೋ ಇರುತ್ತಿದ್ದರು. ತಾಯಿ ಬೆನಿತಾ ರವಿಕೆಯನ್ನು ನೋಡಿಯೂ ನೋಡದವಳಂತೆ ಅದರ ಮೇಲೊಂದು ಹಳೆಯ ಬಟ್ಟೆ ಹೊದಿಸಿದಳು, ಧೂಳು ಕೂರದಿರಲಿ ಎಂದು.

ಪರವಾನಗಿ ಬಂತು. ಲಕೋಟೆ ಒಡೆದವಳೂ ಸೆವೆರಿನಾಳೇ. ಮಂಜೂರಾಗಿದೆ ಎಂದು ಮೇಲೆ ದುಂಡನೆಯ ಮುದ್ರೆ, ಹಿಂದೆ ಅವರು ಕಳಿಸಿದ್ದ ಹಾಳೆಗಳ ಪ್ರತಿ. ಅವಳು ಆ ಪುಟ ತೆಗೆದಳು. ಸಾಲುಗಳು ಬರೆದಂತೆಯೇ ಇದ್ದವು. ಅವುಗಳ ಪಕ್ಕದಲ್ಲೂ, ಸ್ವಲ್ಪ ಓರೆಯಾಗಿ, ಒಂದು ಮುದ್ರೆ ಬಿದ್ದಿತ್ತು. ಅಂಚನ್ನು ಎರಡು ಸಲ ನೋಡಿದಳು. ಕೆಂಪು ಶಾಯಿಯ ಒಂದು ಚುಕ್ಕೆಯೂ ಇರಲಿಲ್ಲ. ಆ ಪುಣ್ಯಾತ್ಮನಿಗೆ ವರ್ಗವಾಗಿರಬೇಕು, ಅಥವಾ ಅವನಿಗೂ ಸಾಕಾಗಿರಬೇಕು.

ಅವಳಿಗೆ ಆಗಲೂ ಏನೂ ಆಗಲಿಲ್ಲ. ಲಕೋಟೆಯನ್ನು ಮೆರೆಟೆಗೆ ಕೊಟ್ಟು ಅಕ್ಕಿ ಅಳೆಯಲು ಹೋದಳು.

ಮಿಸ್ಟರ್ ಆಲ್ರಿಕ್ ಕೇಕು ತಂದರು. ಮಕ್ಕಳು ಎರಡೂ ಕೈ ಎತ್ತಿ ಬೆರಳಾಡಿಸಿ ತಮ್ಮ ಚಪ್ಪಾಳೆ ತಟ್ಟಿದರು. ಸದ್ದಿಲ್ಲದ ಆ ಗದ್ದಲ ಮುಗಿದು ದೋಣಿ ಹೋದ ಮೇಲೆ, ಸೆವೆರಿನಾ ತಟ್ಟೆ ತೊಳೆಯುತ್ತಿದ್ದಾಗ, ಮೆರೆಟೆ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಆ ಪುಟ. ತನ್ನ ಜೀವನದ ಕಾಗದ ಅಲ್ಲವೇ, ಜಗಲಿಯ ಮೇಲೆ ಕೂತು ಒಂದೊಂದೇ ಸಾಲು ಬಿಡದೆ ಓದಿದ್ದಳು.

"ಮಿಸ್ ಸೆವಿ, ಇಲ್ಲೊಂದು ಸಾಲಿದೆ. ಇದು ತಪ್ಪಾಗಿ ಬಿದ್ದಿದೆಯಾ?"

ನೀರು ಸುರಿಯುತ್ತಲೇ ಇತ್ತು. ಸೆವೆರಿನಾ ನಲ್ಲಿ ನಿಲ್ಲಿಸಿದಳು. ಇಷ್ಟು ದಿನ ಕಾದದ್ದು ಯಾರಾದರೂ ಒಬ್ಬರು ಓದಲಿ ಎಂದೇ ಅಲ್ಲವೇ? ಓದಿದವಳು ಇವಳು.

"ಇಲ್ಲ. ಸರಿಯಾಗೇ ಇದೆ."

"ಈ ಅರ್ಜಿದಾರಳು..."

"ನಾನೇ."

ಮೆರೆಟೆಯ ಮುಖ ಕಿವಿಯವರೆಗೆ ಕೆಂಪಾಯಿತು. ಹಾಳೆಯನ್ನು ಇನ್ನೊಂದು ಸಲ ನೋಡಿದಳು. "ನಂಗೆ ಗೊತ್ತಿರ್ಲಿಲ್ಲ, ದೇವರಾಣೆ," ಎಂದಳು. ಕಣ್ಣಲ್ಲಿ ನೀರೂ ತುಂಬಿತು, ಸುಳ್ಳಿನ ನೀರಲ್ಲ. ಸೆವೆರಿನಾ ಒದ್ದೆ ಕೈಯಲ್ಲೇ ಕಾದು ನಿಂತಳು. ಮುಂದಿನ ಮಾತು ಮೆರೆಟೆಯದು, ಅದೇನೇ ಇದ್ದರೂ.

ಮೆರೆಟೆ ಹಾಳೆಯನ್ನು ಮಡಿಸಿದಳು. ಇನ್ನೊಮ್ಮೆ ಮಡಿಸಿದಳು. ಚೀಲದ ಒಳಗಿನ ಜೇಬಿಗೆ ಹಾಕಿ ಜಿಪ್ ಎಳೆದಳು.

"ನಾಳೆ ನಾನು ಎಷ್ಟು ಗಂಟೆಗೆ ಬರ್ಲಿ?" ಎಂದು ಮೆಲ್ಲಗೆ ಕೇಳಿದಳು.

ಸೆವೆರಿನಾ ಲಂಗಕ್ಕೆ ಕೈ ಒರೆಸಿಕೊಂಡಳು. ಕತ್ತಿನ ದಾರದಲ್ಲಿದ್ದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು.

"ಏಳೂವರೆಗೆ. ಬಾಗಿಲು ತೆಗೆಯೋದು ಮುಖ್ಯಸ್ಥೆ ಕೆಲಸ."

ಮೆರೆಟೆ ಹೋದ ಮೇಲೆ ಮಿಕ್ಕ ತಟ್ಟೆಗಳನ್ನು ತೊಳೆಯಲು ತಿರುಗಿದಳು. ಆಗಲೇ ಶುರುವಾದದ್ದು. ಜೋಮು ಹಿಡಿದ ಕಾಲು ಹಿಡಿದಿರುವಷ್ಟು ಹೊತ್ತು ನೋಯುವುದಿಲ್ಲ, ಬಿಡುವಾಗ ನೋಯುತ್ತದೆ. ಅವಳು ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೂಗಿ ಅತ್ತಳು. ಶಾಲೆಯಲ್ಲಿ ಯಾರೂ ಇರಲಿಲ್ಲ.